ವೋಚರ್ ಇಲ್ಲದ ಲೆಕ್ಕ

ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಟಿ.ವಿ. ಹಾಕಲು ಒಂದು ಪ್ಲಗ್ಗೂ ಸಿಗುವುದಿಲ್ಲ. ಹಾಲಿನ ಗೋಡೆಯುದ್ದಕ್ಕೂ ಎರಡು ಎಕ್ಸ್‌ಟೆನ್ಷನ್ ಬಾಕ್ಸ್. ಅವುಗಳಿಗೆ ಬಾಲ ಸಿಕ್ಕಿಸಿಕೊಂಡು ಸಾಲಾಗಿ ಮಲಗಿರುವ ಹತ್ತು ಟ್ಯಾಬ್‌ಗಳು. ನನ್ನ ಸೊಸೆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಕಾಡಂಚಿನ ಊರು. ಅಲ್ಲಿ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಹೇಳುವುದು ಕಷ್ಟ. ಹಾಗಾಗಿ ಚಾರ್ಜ್ ಮಾಡುವ ಕೆಲಸ ನಮ್ಮ ಮನೆಗೆ ಬಂದಿದೆ. ‘ಹೊತ್ತು ಹೊತ್ತಿಗೆ ಊಟ ಕೇಳೋ ಮಕ್ಕಳು ಇವು’ ಎಂದು ನನ್ನಾಕೆ ಗೊಣಗುತ್ತಲೇ ಅವುಗಳ ಮೇಲಿನ ಸೀಮೆಸುಣ್ಣದ ಧೂಳು ಒರೆಸುತ್ತಾಳೆ.

ಎರಡು ವರ್ಷದ ಹಿಂದೆ ಒಂದು ಕಂಪನಿಯವರು ಶಾಲೆಗೆ 12 ಟ್ಯಾಬ್ ಕೊಟ್ಟರು. ಎರಡು ಈಗಾಗಲೇ ಕಣ್ಣು ಮುಚ್ಚಿವೆ. ಐದನೇ ತರಗತಿಯಲ್ಲಿರುವುದು 23 ಮಕ್ಕಳು. ನಾನು ವಾರಕ್ಕೊಮ್ಮೆ, ಗುರುವಾರ, ಗಣಿತದ ಪೀರಿಯಡ್ಡಿಗೆ ಸೊಸೆಯ ಜೊತೆ ಹೋಗುತ್ತೇನೆ. ಹೆಡ್ಮಾಸ್ಟರೇ ಕರೆದರು. ಬಿ.ಕಾಂ. ಓದಿ 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಕೂಡುವುದು ಕಳೆಯುವುದಾದರೂ ಬಂದೀತು ಎಂಬ ಭರವಸೆ ಅವರಿಗೆ. ಮಕ್ಕಳು ನನ್ನನ್ನು ‘ಬ್ಯಾಂಕ್ ತಾತ’ ಎನ್ನುತ್ತಾರೆ. ಕೌಂಟರಿನಲ್ಲಿ ಕೂತಿದ್ದಾಗ ಯಾರೂ ಇಷ್ಟು ಪ್ರೀತಿಯಿಂದ ಕರೆದದ್ದಿಲ್ಲ.

ಟ್ಯಾಬ್ ಕೆಲಸ ಮಾಡುವ ರೀತಿಯನ್ನು ನನ್ನ ವಯಸ್ಸಿನವರಿಗಾಗಿ ಹೇಳುತ್ತೇನೆ. ಮಕ್ಕಳಿಗೆ ಗೊತ್ತೇ ಇರುತ್ತದೆ, ಅವರು ಮುಂದಿನ ಪ್ಯಾರಾಕ್ಕೆ ಹಾರಬಹುದು. ಪ್ರತಿ ಮಗುವಿಗೂ ಒಂದು ಚಿತ್ರ ಇರುತ್ತದೆ: ನವಿಲು, ಆಮೆ, ಕೊಡೆ, ಹೀಗೆ. ಮಗು ತನ್ನ ಚಿತ್ರ ಮುಟ್ಟಿದರೆ ಅದರ ಖಾತೆ ತೆರೆಯುತ್ತದೆ. ಮೊದಲ ಸಲ ಹತ್ತಾರು ಪ್ರಶ್ನೆ ಕೇಳಿ, ಮಗು ಎಲ್ಲಿದೆ ಎಂದು ಯಂತ್ರ ಅಂದಾಜು ಮಾಡುತ್ತದೆ. ಆಮೇಲೆ ಸರಿ ಉತ್ತರ ಬಂದರೆ ಒಂದು ಮೆಟ್ಟಿಲು ಮೇಲೆ, ತಪ್ಪಿದರೆ ಒಂದು ಮೆಟ್ಟಿಲು ಕೆಳಗೆ. ಪಕ್ಕದವನು ಭಾಗಾಕಾರ ಮಾಡುತ್ತಿರಬಹುದು, ಇವಳು ಇನ್ನೂ ಕೂಡುವ ಲೆಕ್ಕದಲ್ಲಿರಬಹುದು. ಒಬ್ಬರಿಗಾಗಿ ಇನ್ನೊಬ್ಬರು ಕಾಯಬೇಕಿಲ್ಲ. ಇಂಟರ್‌ನೆಟ್ ಇಲ್ಲದೆಯೂ ಓಡುತ್ತದೆ. ವಾರಕ್ಕೊಮ್ಮೆ ಸೊಸೆ ತನ್ನ ಮೊಬೈಲಿಂದ ಹಾಟ್‌ಸ್ಪಾಟ್ ಕೊಟ್ಟರೆ ಎಲ್ಲ ಮಕ್ಕಳ ರಿಪೋರ್ಟ್ ಬರುತ್ತದೆ. ಹಸಿರು, ಹಳದಿ, ಕೆಂಪು ಬಣ್ಣದ ಪಟ್ಟಿಗಳು.

ನಾನು ಇದನ್ನು ಮೊದಲ ಸಲ ನೋಡಿ ಬೆರಗಾದೆ. ಸೊಸೆ ಬೆರಗಾಗಲಿಲ್ಲ. ‘ಇದು ನಮ್ಮ ಹಳೇ ಕಾರ್ಡೇ ಮಾವ. ಒಳಗೆ ಲೈಟ್ ಹಾಕಿದ್ದಾರೆ ಅಷ್ಟೆ’ ಅಂದಳು.

ಕಾರ್ಡು ಅಂದರೆ ನಲಿಕಲಿ ಕಾರ್ಡು. ನಮ್ಮದೇ ತಾಲ್ಲೂಕಿನ ಹೆಮ್ಮೆಯ ವಿಷಯ ಇದು, ಸ್ವಲ್ಪ ಹೇಳಿಯೇ ಮುಂದೆ ಹೋಗುತ್ತೇನೆ. 1995ರಲ್ಲಿ ಯುನಿಸೆಫ್ ನೆರವಿನಿಂದ ನಲಿಕಲಿ ಶುರುವಾದದ್ದು ಇದೇ ಎಚ್.ಡಿ. ಕೋಟೆಯಲ್ಲಿ. ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯವರು ತಮ್ಮ ಸುತ್ತಲಿನ ಹಳ್ಳಿ ಶಾಲೆಗಳಲ್ಲಿ ಕಾರ್ಡುಗಳಿಂದ ಕಲಿಸುತ್ತಿದ್ದರು. ಇಲ್ಲಿಯ ಮೇಷ್ಟ್ರುಗಳು ಅದನ್ನು ಕಂಡು ಬಂದು ನಮ್ಮ ಕನ್ನಡಕ್ಕೆ, ನಮ್ಮ ಮಕ್ಕಳಿಗೆ ಒಗ್ಗುವಂತೆ ಮಾಡಿಕೊಂಡರು. ಗೋಡೆಯ ಮೇಲೆ ಕಲಿಕಾ ಏಣಿ. ಅದರ ಮೆಟ್ಟಿಲು ಮೆಟ್ಟಿಲಿಗೂ ಒಂದು ಕಾರ್ಡು. ಮಗು ತಾನೇ ಏಣಿ ನೋಡಿ, ತನ್ನ ಕಾರ್ಡು ಹುಡುಕಿ ತೆಗೆದುಕೊಂಡು, ತನ್ನ ಗುಂಪಿನಲ್ಲಿ ಹೋಗಿ ಕೂರಬೇಕು. ಆ ಗುಂಪುಗಳಿಗೆ ‘ತಟ್ಟೆ’ ಎಂದು ಹೆಸರು. ಒಂದು ತಟ್ಟೆಗೆ ಟೀಚರು ಕೂತು ಹೇಳಿಕೊಡುತ್ತಾರೆ, ಇನ್ನೊಂದರಲ್ಲಿ ಗೆಳೆಯರೇ ಗೆಳೆಯರಿಗೆ ಕಲಿಸುತ್ತಾರೆ, ಮತ್ತೊಂದರಲ್ಲಿ ಮಗು ತಾನೇ ಕಲಿಯುತ್ತದೆ. ಮುಂದೆ ಇದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಸೊಸೆ ಕೆಲಸಕ್ಕೆ ಸೇರಿದ ಮೊದಲ ಆರು ವರ್ಷ ಮಾಡಿದ್ದು ಇದನ್ನೇ, ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು. ‘ಪ್ರತಿ ಮಗುವಿಗೂ ಅದರದೇ ವೇಗ’ ಎಂದು ಟ್ಯಾಬ್ ಕೊಡಲು ಬಂದ ಹುಡುಗರು ಭಾಷಣ ಮಾಡಿದಾಗ ಅವಳು ಕೆನ್ನೆಗೆ ಕೈ ಕೊಟ್ಟು ಕೇಳುತ್ತಿದ್ದಳಂತೆ.

ಯಂತ್ರದಿಂದ ಪಾಠ ಹೇಳಿಸುವ ಆಸೆಯೂ ಹಳೆಯದೇ. ಅಮೆರಿಕದ ಹಾರ್ವರ್ಡ್‌ನಲ್ಲಿ ಬಿ.ಎಫ್. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞರಿದ್ದರು. 1953ರಲ್ಲಿ ಒಂದು ದಿನ ಅವರು ಮಗಳ ಶಾಲೆಗೆ ಹೋಗಿ ನಾಲ್ಕನೇ ತರಗತಿಯ ಗಣಿತ ಪಾಠದಲ್ಲಿ ಹಿಂದೆ ಕೂತರು. ಕೆಲವರು ಆಗಲೇ ಮುಗಿಸಿ ಕಾಲು ಅಲ್ಲಾಡಿಸುತ್ತಿದ್ದಾರೆ, ಕೆಲವರು ಒದ್ದಾಡುತ್ತಿದ್ದಾರೆ. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಆ ಕ್ಷಣಕ್ಕೆ ಯಾರಿಗೂ ಗೊತ್ತಾಗುತ್ತಿಲ್ಲ. ಅವರಿಗೆ ಇದು ಸರಿಕಾಣಲಿಲ್ಲ. ಕೂಡಲೇ ಒಂದು ಪೆಟ್ಟಿಗೆ ಮಾಡಿದರು. ಅದರಲ್ಲಿ ಪ್ರಶ್ನೆ ಕಾಣುತ್ತದೆ, ಮಗು ಉತ್ತರ ಜೋಡಿಸುತ್ತದೆ, ಸರಿಯಾದರೆ ಮಾತ್ರ ಮುಂದಿನ ಪ್ರಶ್ನೆ. ನಮ್ಮ ಹಾಲಿನಲ್ಲಿ ಮಲಗಿರುವ ಟ್ಯಾಬ್‌ಗಳಿಗೆ ಆ ಪೆಟ್ಟಿಗೆ ಮುತ್ತಜ್ಜ ಎನ್ನಬಹುದು.

ಟ್ಯಾಬ್ ಬಂದ ಮೇಲೆ ಸೊಸೆಯ ತರಗತಿ ಎಷ್ಟೋ ಬದಲಾಯಿತು. ಹತ್ತು ಮಕ್ಕಳು ಇಪ್ಪತ್ತು ನಿಮಿಷ ಟ್ಯಾಬ್ ಹಿಡಿದರೆ ಉಳಿದ ಹದಿಮೂರು ಮಕ್ಕಳು ಅವಳ ಸುತ್ತ ಚಾಪೆಯ ಮೇಲೆ. ಆಮೇಲೆ ಅದಲು ಬದಲು. ಹದಿಮೂರು ಮಕ್ಕಳ ಮುಖ ನೋಡಿ ಪಾಠ ಮಾಡುವುದಕ್ಕೂ ಇಪ್ಪತ್ತಮೂರು ಮಕ್ಕಳ ತಲೆ ಎಣಿಸಿ ಪಾಠ ಮಾಡುವುದಕ್ಕೂ ಇರುವ ಅಂತರವನ್ನು ಟೀಚರುಗಳೇ ಹೇಳಬೇಕು. ಇನ್ನೊಂದು ಗುಣ ನಾನೇ ಕಂಡೆ. ಯಂತ್ರಕ್ಕೆ ಬೇಸರವಿಲ್ಲ. ಏಳರ ಮಗ್ಗಿಯನ್ನು ನಲವತ್ತು ಸಲ ತಪ್ಪು ಹೇಳಿದರೂ ‘ನಿನ್ನ ತಲೇಲಿ ಏನಿದೆ?’ ಎಂದು ಕೇಳುವುದಿಲ್ಲ. ನಮ್ಮ ಕಾಲದಲ್ಲಿ ಏಳರ ಮಗ್ಗಿ ಬರದಿದ್ದರೆ ಏನಾಗುತ್ತಿತ್ತು ಎಂಬುದು ನನ್ನ ಎಡಗಿವಿಗೆ ಚೆನ್ನಾಗಿ ನೆನಪಿದೆ.

ನಮ್ಮ ತಾಲ್ಲೂಕಿನಿಂದ ಎಷ್ಟೋ ಮನೆಯವರು ಕಾಫಿ ಹಣ್ಣು ಕೊಯ್ಯಲು ಕೊಡಗಿಗೆ ಹೋಗುತ್ತಾರೆ. ಸೊಸೆಯ ತರಗತಿಯ ಒಬ್ಬ ಹುಡುಗಿಯೂ ಡಿಸೆಂಬರಿನಲ್ಲಿ ಅಪ್ಪ ಅವ್ವನ ಜೊತೆ ಹೋದವಳು ಸಂಕ್ರಾಂತಿ ಕಳೆದ ಮೇಲೆ ಬಂದಳು. ಬಂದವಳು ಬಾಗಿಲ ಬಳಿಯೇ ನಿಂತಿದ್ದಳು. ಪಾಠ ಎಲ್ಲಿಗೋ ಹೋಗಿರುತ್ತದೆ, ಗೆಳತಿಯರು ಬೇರೆ ಜೊತೆ ಹುಡುಕಿಕೊಂಡಿರುತ್ತಾರೆ. ಸೊಸೆ ಮಾತಾಡದೆ ಅವಳ ಕೈಗೆ ಟ್ಯಾಬ್ ಕೊಟ್ಟಳು. ಹುಡುಗಿ ತನ್ನ ಆಮೆ ಚಿತ್ರ ಮುಟ್ಟಿದಳು. ಬಿಟ್ಟುಹೋದ ಮೆಟ್ಟಿಲು ಹಾಗೇ ಕಾದು ಕೂತಿತ್ತು. ಅವಳ ಮುಖ ಅರಳಿದ್ದನ್ನು ನೋಡಿ ಆ ಕಂಪನಿಯವರಿಗೆ ನಾನು ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಿದೆ.

ತೊಡಕು ಬಂದದ್ದು ಅದಾದ ಎರಡು ಮೂರು ವಾರಕ್ಕೆ.

ಐದನೇ ತರಗತಿಯ ಮಕ್ಕಳು ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಆರನೇ ತರಗತಿಗೆ ಸೇರಲು ಪ್ರವೇಶ ಪರೀಕ್ಷೆ ಬರೆಯುತ್ತಾರೆ. ಅಲ್ಲಿ ಸೀಟು ಸಿಕ್ಕರೆ ಊಟ, ವಸತಿ, ಪುಸ್ತಕ ಎಲ್ಲ ಅಲ್ಲಿಯೇ. ಕೊಡಗಿಗೆ ಹೋಗುವ ಮನೆಯ ಮಗುವಿಗೆ ಇದು ಎಷ್ಟು ದೊಡ್ಡ ಮಾತು ಎಂದು ಬಿಡಿಸಿ ಹೇಳಬೇಕಿಲ್ಲ. ವರ್ಷಪೂರ್ತಿ ಒಂದೇ ಶಾಲೆ, ನಡುವೆ ಬಿಡುವಂತಿಲ್ಲ. ಪರೀಕ್ಷೆಗೆ ವಿಶೇಷ ತರಬೇತಿ ಕೊಡಬೇಕೆಂದು ಸೊಸೆ ಹೊರಟಳು. ಸಂಜೆ ಆಗದು, ಕತ್ತಲಾದರೆ ದಾರಿಯಲ್ಲಿ ಆನೆ ಭಯ. ಬೆಳಿಗ್ಗೆ ಎಂಟೂವರೆಗೆ ಎಂದಾಯಿತು. ದಾನಿಯೊಬ್ಬರು ಐದು ಮಕ್ಕಳಿಗೆ ಗೈಡು ಕೊಡಿಸಿದರು. ಯಾವ ಐದು ಮಕ್ಕಳು?

‘ಅದಕ್ಕೇನು ಯೋಚನೆ? ಟ್ಯಾಬ್ ರಿಪೋರ್ಟ್ ಇದೆಯಲ್ಲ ಮೇಡಂ, ಮೇಲಿನ ಐದು ಹೆಸರು ಬರೀರಿ. ನಾಳೆ ಯಾರಾದ್ರೂ ಕೇಳಿದ್ರೆ ಕಂಪ್ಯೂಟರ್ರೇ ಹೇಳಿದೆ ಅನ್ನಬಹುದು’ ಎಂದರು ಹೆಡ್ಮಾಸ್ಟರು. ಒಳ್ಳೆಯ ಮನುಷ್ಯ. ಯಾರ ಮಗುವಿಗೂ ಅನ್ಯಾಯ ಆಗಬಾರದೆಂದೇ ಹಾಗೆ ಹೇಳಿದ್ದು.

ಸೊಸೆ ಆ ರಾತ್ರಿ ರಿಪೋರ್ಟನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಳು. ಎಲ್ಲಕ್ಕಿಂತ ಮೇಲೆ ನವಿಲಿನ ಚಿತ್ರದ ಹುಡುಗ, ಸಾಲಿಗೆ ಸಾಲೇ ಹಸಿರು. ಕೆಳಗಿನಿಂದ ಮೂರನೆಯವಳು ನಮ್ಮ ಆಮೆ ಹುಡುಗಿ. ಅವಳ ಹೆಸರಿನ ಮುಂದೆ ‘ವ್ಯವಕಲನ: ಹೆಚ್ಚಿನ ಅಭ್ಯಾಸ ಅಗತ್ಯ’ ಎಂದು ಕೆಂಪಿನಲ್ಲಿತ್ತು. ‘ಇವಳು ಚಾಪೆ ಮೇಲೆ ನನ್ನ ಮುಂದೆ ಕೂತಾಗ ಕಳೆಯೋ ಲೆಕ್ಕ ಸರಿಯಾಗೇ ಮಾಡ್ತಾಳೆ ಮಾವ. ಇದರಲ್ಲಿ ಯಾಕೆ ಹೀಗೆ?’ ಅಂದಳು.

‘ವೋಚರ್ ಎಲ್ಲಮ್ಮ?’ ಅಂದೆ ನಾನು.

ಬ್ಯಾಂಕಿನವರ ಭಾಷೆ, ಕ್ಷಮಿಸಬೇಕು. ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ, ಆಗ ಬ್ಯಾಂಕಿನಲ್ಲಿ ಪ್ರತಿಯೊಬ್ಬರ ಲೆಕ್ಕವನ್ನೂ ದಪ್ಪ ಲೆಡ್ಜರಿನಲ್ಲಿ ಕೈಯಲ್ಲಿ ಬರೆಯುತ್ತಿದ್ದೆವು. ಅವನ್ನೆಲ್ಲ ಕೂಡಿದ ಮೊತ್ತ ಮುಖ್ಯ ಪುಸ್ತಕದ ಮೊತ್ತಕ್ಕೆ ಪೈಸೆಗೆ ಪೈಸೆ ಹೊಂದಬೇಕು. ಹೊಂದದಿದ್ದರೆ ಊಟವಿಲ್ಲ, ಮನೆಯಿಲ್ಲ. ಹೊಸದಾಗಿ ಸೇರಿದವರು ಮೊದಲ ಪುಟದಿಂದ ಮತ್ತೆ ಕೂಡಲು ಶುರು ಮಾಡುತ್ತಿದ್ದರು. ಪಳಗಿದವರು ಸುಮ್ಮನೆ ಆ ವ್ಯತ್ಯಾಸವನ್ನೇ ನೋಡುತ್ತಿದ್ದರು. 27 ರೂಪಾಯಿ ವ್ಯತ್ಯಾಸವೇ? 9ರಿಂದ ಭಾಗವಾಗುತ್ತದೆ. ಹಾಗಾದರೆ ಯಾರೋ ಅಂಕಿ ತಿರುವಿ ಬರೆದಿರಬೇಕು, 63 ಇರಬೇಕಾದಲ್ಲಿ 36. ಮಕ್ಕಳೇ, ಯಾವುದಾದರೂ ಎರಡಂಕಿ ಸಂಖ್ಯೆ ತೆಗೆದುಕೊಂಡು ತಿರುವಿ, ದೊಡ್ಡದರಲ್ಲಿ ಚಿಕ್ಕದನ್ನು ಕಳೆದು ನೋಡಿ, 9ರಿಂದ ಭಾಗವಾಗದಿದ್ದರೆ ಕೇಳಿ. ಜಮೆಗೆ ಹೋಗಬೇಕಾದ್ದು ಖರ್ಚಿಗೆ ಹೋಗಿದ್ದರೆ ವ್ಯತ್ಯಾಸ ಎರಡು ಪಟ್ಟು ಬರುತ್ತದೆ. ಅರ್ಧ ಮಾಡಿ ಆ ಮೊತ್ತದ ವೋಚರ್ ಹುಡುಕಿದರಾಯಿತು. ತಪ್ಪು ತಾನು ಎಲ್ಲಿಂದ ಬಂದೆ ಎಂದು ತಾನೇ ಹೇಳುತ್ತದೆ, ಅದರ ಮುಖ ನೋಡುವವರು ಬೇಕು.

1984ರಲ್ಲಿ ರಂಗರಾಜನ್ ಸಮಿತಿ ವರದಿ ಕೊಟ್ಟ ಮೇಲೆ ಬ್ಯಾಂಕುಗಳಿಗೆ ಯಂತ್ರಗಳು ಬರತೊಡಗಿದವು. ನಮ್ಮ ಶಾಖೆಗೂ ಲೆಡ್ಜರ್ ಪೋಸ್ಟಿಂಗ್ ಯಂತ್ರ ಬಂತು. ಕೆಲಸ ಹೋಗುತ್ತದೆಂದು ಕೆಲವರು ಹೆದರಿದರು, ಬೇಗ ಮನೆಗೆ ಹೋಗಬಹುದೆಂದು ಕೆಲವರು ಕುಣಿದರು. ನಾನು ಕುಣಿದವರ ಪೈಕಿ. ಯಂತ್ರ ಕೂಡುವುದರಲ್ಲಿ ತಪ್ಪುವುದಿಲ್ಲ. ಆದರೆ ನೀವು ತಪ್ಪು ಖಾತೆಗೆ ಹಾಕಿದರೆ ಆ ತಪ್ಪನ್ನೂ ಅಷ್ಟೇ ಚೊಕ್ಕವಾಗಿ ಕೂಡಿ ಕೊಡುತ್ತದೆ. ಆಗ ಆಸರೆ ಅದೇ ಹಳೆಯ ವೋಚರ್ ಕಟ್ಟು, ಕೈಬರಹದ ಚೀಟಿ.

ಟ್ಯಾಬಿನಲ್ಲಿ ಲೆಕ್ಕ ಮಾಡುವ ಮಗುವಿನ ಚೀಟಿ ಎಲ್ಲಿದೆ? ಬೆರಳು ಆಡಿತು, ಉತ್ತರ ಹೋಯಿತು. ಹಸಿರೋ ಕೆಂಪೋ ಉಳಿಯಿತು. ನಡುವೆ ತಲೆಯೊಳಗೆ ನಡೆದದ್ದಕ್ಕೆ ಗುರುತಿಲ್ಲ. ‘ಪ್ರತಿ ಮಗುವಿಗೂ ಒಂದು ನೋಟ್‌ಬುಕ್ ಕೊಡು. ಟ್ಯಾಬ್ ಮಾಡುವಾಗ ಪ್ರಶ್ನೆಯ ಅಂಕಿ, ಮಾಡಿದ ರೀತಿ, ಉತ್ತರ ಅದರಲ್ಲಿ ಬರೀಲಿ’ ಎಂದೆ.

‘ಬ್ಯಾಂಕು ಅಂದ್ಕೊಂಡ್ರಾ ಮಾವ? ಇಪ್ಪತ್ತು ನಿಮಿಷದಲ್ಲಿ ಹದಿನೈದು ಲೆಕ್ಕ ಮಾಡ್ತಿರೋರು ಬರೀತಾ ಕೂತ್ರೆ ಐದೂ ಆಗಲ್ಲ. ರಿಪೋರ್ಟಲ್ಲಿ ನಮ್ಮ ಸ್ಕೂಲು ಕೆಳಗೆ ಹೋಗುತ್ತೆ.’

‘ಹೋಗಲಿ ಬಿಡು’ ಅಂದೆ. ನಿವೃತ್ತನಿಗೆ ಹೇಳುವುದು ಸುಲಭ. ಮೇಲಿನವರಿಗೆ ಉತ್ತರ ಕೊಡಬೇಕಾದವಳು ಅವಳು. ಆದರೂ ಮರುದಿನ ಅಂಗಡಿಯಿಂದ 23 ನೋಟ್‌ಬುಕ್ ತಂದಳು.

ಹತ್ತು ದಿನಕ್ಕೆ ಪುಸ್ತಕಗಳು ನಮ್ಮ ಮನೆಗೆ ಬಂದವು. ನಾನು ಕನ್ನಡಕ ಒರೆಸಿಕೊಂಡು ಕೂತೆ. ಮೂವತ್ತಾರು ವರ್ಷ ಮಾಡಿದ ಕೆಲಸ, ಕೈ ತಾನೇ ಓಡುತ್ತದೆ.

ನವಿಲು ಹುಡುಗನ ಪುಸ್ತಕದಲ್ಲಿ ಉತ್ತರಗಳಿದ್ದವು, ಲೆಕ್ಕ ಇರಲಿಲ್ಲ. ಒಂದೇ ಒಂದು ಕಾಟು ಹೊಡೆದ ಗುರುತಿಲ್ಲ. ಲೆಡ್ಜರ್ ಅತಿ ಚೊಕ್ಕಟವಾಗಿದ್ದರೆ ನಮ್ಮ ಹಳೆಯ ಮ್ಯಾನೇಜರೊಬ್ಬರು ಅದನ್ನೇ ಮೊದಲು ತೆರೆಯುತ್ತಿದ್ದರು. ಗುರುವಾರ ಹೋಗಿ ಅವನ ಪಕ್ಕ ಕೂತು, ‘ಎಷ್ಟು ಬೇಗ ಮಾಡ್ತೀಯಪ್ಪ! ನಂಗೂ ತೋರಿಸು’ ಎಂದೆ. ಹುಡುಗ ಹಿಗ್ಗಿ ತೋರಿಸಿದ. ಪ್ರಶ್ನೆಯ ಕೆಳಗೆ ‘ಸುಳಿವು’ ಎಂಬ ಗುಂಡಿ. ಒಂದು ಸಲ ಒತ್ತಿದರೆ ಮೊದಲ ಹೆಜ್ಜೆ, ಎರಡನೇ ಸಲ ಎರಡನೇ ಹೆಜ್ಜೆ. ಒತ್ತುತ್ತಲೇ ಇದ್ದರೆ ಕೊನೆಗೆ ಉತ್ತರವೇ ಬರುತ್ತದೆ! ಅದನ್ನು ಹಾಕಿದರೆ ಹಸಿರು. ‘ಯಾರು ಹೇಳಿಕೊಟ್ರು?’ ಎಂದರೆ, ‘ನಾನೇ ಕಂಡುಹಿಡಿದೆ ತಾತ’ ಎಂದ. ನನಗೆ ಕೋಪ ಬರಲಿಲ್ಲ. ಹನ್ನೊಂದು ವರ್ಷದ ಪೋರ ಯಂತ್ರವನ್ನು ಪೂರ್ತಿ ಓದಿಬಿಟ್ಟಿದ್ದ. ಯಂತ್ರ ಅವನನ್ನು ಓದಿರಲಿಲ್ಲ.

ಆಮೆ ಹುಡುಗಿಯ ಪುಸ್ತಕ ಬೇರೆ ಥರ. ದುಂಡು ಅಂಕಿ, ಒತ್ತಿ ಬರೆದ ಪೆನ್ಸಿಲ್. ಬರೀ ಅಂಕಿಯ ಕಳೆಯುವ ಲೆಕ್ಕಗಳೆಲ್ಲ ಸರಿ, ದಶಕ ಸಾಲ ತೆಗೆದುಕೊಳ್ಳುವಂಥವೂ ಸರಿ. ತಪ್ಪಿದ್ದೆಲ್ಲ ವಾಕ್ಯದಲ್ಲಿ ಕೇಳಿದ ಲೆಕ್ಕಗಳು. ಒಂದರಲ್ಲಿ 42 ಮತ್ತು 27, ಅವಳ ಉತ್ತರ 69. ಇನ್ನೊಂದರಲ್ಲಿ 85 ಮತ್ತು 58, ಉತ್ತರ 143. ಮತ್ತೊಂದರಲ್ಲಿ 130 ಮತ್ತು 75, ಉತ್ತರ 205. ನೋಡಿದಿರಾ? ಒಂದೊಂದೂ ಕೂಡಿದ್ದು, ಒಂದೊಂದೂ ತಪ್ಪಿಲ್ಲದೆ ಕೂಡಿದ್ದು! ಕಳೆಯಲು ಬಾರದ ಮಗು ಹೀಗೆ ಒಂದೇ ರೀತಿ ತಪ್ಪುವುದಿಲ್ಲ.

ಪ್ರಶ್ನೆ ತೆಗೆದು ನೋಡಿದೆವು. ‘ಒಂದು ಮರದಲ್ಲಿ 42 ಮಾವಿನಕಾಯಿಗಳಿವೆ. ಇನ್ನೊಂದು ಮರದಲ್ಲಿ 27 ಇವೆ. ಮೊದಲನೇ ಮರದಲ್ಲಿ ಎಷ್ಟು ಹೆಚ್ಚು?’

ಅವಳನ್ನು ಕೇಳಿದೆ: ‘ಇದನ್ನ ಯಾಕವ್ವ ಕೂಡಿದೆ?’

‘ಹೆಚ್ಚು ಅಂತ ಇದೆಯಲ್ಲ ತಾತ. ಹೆಚ್ಚು ಅಂದ್ರೆ ಕೂಡ್ಬೇಕು.’ ಕೈ ತೋರಿಸಿದಳು. ಗೋಡೆಯ ಮೇಲೆ ಹಿಂದಿನ ವರ್ಷದ ಚಾರ್ಟು: ‘ಒಟ್ಟು, ಸೇರಿಸು, ಹೆಚ್ಚು: ಕೂಡು. ಉಳಿದದ್ದು, ಕಡಿಮೆ: ಕಳೆ.’ ಮಗು ಚಾರ್ಟು ಹೇಳಿದಂತೆ ನಡೆದಿತ್ತು.

‘ಸರಿ, ಕೊಡಗಲ್ಲಿ ನಿಮ್ಮವ್ವ ಒಂದು ದಿನ 85 ಕೆ.ಜಿ. ಹಣ್ಣು ಕೊಯ್ದ್ರು ಅಂದ್ಕೊ. ಪಕ್ಕದ ಸಾಲಿನೋರು 58. ನಿಮ್ಮವ್ವ ಎಷ್ಟು ಜಾಸ್ತಿ ಕೊಯ್ದ್ರು?’

ಅವಳು ಮೇಲೆ ನೋಡಲೂ ಇಲ್ಲ. ‘ಇಪ್ಪತ್ತೇಳು. ಆ ಇಪ್ಪತ್ತೇಳಕ್ಕೆ ದುಡ್ಡು ಬೇರೆ ಕೊಡ್ತಾರೆ.’

(ಇಪ್ಪತ್ತೇಳು! ತಿರುವಿದ ಅಂಕಿಗಳು. ನಾನು ಬೇಕೆಂದು ಆರಿಸಿದ್ದಲ್ಲ, ಅವಳದೇ ಪುಸ್ತಕದ ಅಂಕಿಗಳು.)

ಅವಳಿಗೆ ಬಾರದಿದ್ದದ್ದು ವ್ಯವಕಲನವಲ್ಲ, ಒಂದು ಶಬ್ದ. ಯಂತ್ರಕ್ಕೆ ಕಂಡದ್ದು ಉತ್ತರ ತಪ್ಪು ಎಂಬುದಷ್ಟೇ. ಅದು ಅವಳನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿ 9ರಲ್ಲಿ 4 ಕಳೆ, 8ರಲ್ಲಿ 3 ಕಳೆ ಎಂದು ಕೊಡುತ್ತಿತ್ತು. ಅವಳು ಎರಡು ನಿಮಿಷದಲ್ಲಿ ಎಲ್ಲ ಸರಿ ಮಾಡಿ ಮೇಲೆ ಬರುತ್ತಿದ್ದಳು. ಮತ್ತೆ ‘ಎಷ್ಟು ಹೆಚ್ಚು’, ಮತ್ತೆ ಕೆಂಪು, ಮತ್ತೆ ಕೆಳಗೆ. ಪುಸ್ತಕದಲ್ಲಿ ಎಣಿಸಿದೆ. ಹತ್ತೇ ದಿನದಲ್ಲಿ ಏಳು ಸಲ ಹೀಗೆ ಹತ್ತಿ ಇಳಿದಿದ್ದಳು. ಗಾಣದೆತ್ತಿನ ಹಾಗೆ. ಯಾರ ಮೇಲೂ ದೂರಿಲ್ಲ, ತನಗೇ ಬರುವುದಿಲ್ಲ ಅಂದುಕೊಂಡಿದ್ದಳು.

ಸೊಸೆ ಮಾಡಿದ್ದು ಎರಡು ಕೆಲಸ. ಆ ಮಧ್ಯಾಹ್ನವೇ ಸ್ಟೂಲು ಹತ್ತಿ ಚಾರ್ಟು ಕಿತ್ತಳು. ಆಮೇಲೆ ಎರಡು ನೋಟ್‌ಬುಕ್ ಹಿಡಿದು ಹೆಡ್ಮಾಸ್ಟರ ಕೋಣೆಗೆ ಹೋದಳು. ಒಳಗೆ ಏನು ಮಾತಾಯಿತೋ, ನಾನು ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದೆ. ಇಪ್ಪತ್ತು ನಿಮಿಷ ಕಳೆದು ಹೊರಬಂದವಳು, ‘ಐದಲ್ಲ ಮಾವ, ಯಾರು ಬಂದ್ರೆ ಅವರು. ಗೈಡು ಹಂಚಿಕೊಂಡು ಓದ್ತಾರೆ’ ಅಂದಳು. ಬೆಳಿಗ್ಗೆ ಎಂಟೂವರೆಗೆ ಒಂಬತ್ತು ಮಕ್ಕಳು ಬರತೊಡಗಿದರು. ಅವಳು ನವಿಲನ್ನೂ ಆಮೆಯನ್ನೂ ಒಂದೇ ಗೈಡಿಗೆ ಜೊತೆ ಮಾಡಿದಳು. ಅವನು ಕನ್ನಡ ನೀರು ಕುಡಿದಂತೆ ಓದುತ್ತಾನೆ. ಲೆಕ್ಕ ಓದಿ, ಅದು ಏನು ಕೇಳುತ್ತಿದೆ ಎಂದು ಮನೆಮಾತಿನಲ್ಲಿ ಅವಳಿಗೆ ಹೇಳಬೇಕು. ಅವಳು ಬಿಡಿಸಬೇಕು, ಬಿಡಿಸಿದ್ದನ್ನು ಅವನಿಗೆ ಹೇಳಿಕೊಡಬೇಕು. ‘ಇದು ಯಾವ ತಟ್ಟೆ?’ ಎಂದು ಕೇಳಿದೆ. ಸೊಸೆ ನಕ್ಕಳು.

ಎರಡನೇ ಪಟ್ಟಿಯಲ್ಲಿ ಹುಡುಗಿಯ ಹೆಸರು ಬಂತು. ಜೂನ್ ತಿಂಗಳ ಒಂದು ಬೆಳಿಗ್ಗೆ ಅವಳ ಅಪ್ಪ ತಗಡಿನ ಟ್ರಂಕನ್ನು ಬಸ್ಸಿನ ಮೇಲೆ ಹಾಕಿದ. ಅವ್ವ ಅಳುತ್ತಿದ್ದಳು, ಹುಡುಗಿ ಅಳಲಿಲ್ಲ.

ಟ್ಯಾಬ್ ಈಗಲೂ ನಡೆಯುತ್ತಿದೆ, ನೋಟ್‌ಬುಕ್ ಸಮೇತ. ರಿಪೋರ್ಟಿನಲ್ಲಿ ನಮ್ಮ ಶಾಲೆ ಸ್ವಲ್ಪ ಕೆಳಗೆ ಹೋದದ್ದು ನಿಜ. ಸೊಸೆಗೆ ಒಂದು ಸಲ ಮೀಟಿಂಗಿನಲ್ಲಿ ಕೇಳಿದರಂತೆ, ಅವಳು ಪುಸ್ತಕ ತೆರೆದು ತೋರಿಸಿದಳಂತೆ.

ನವಿಲು ಹುಡುಗನಿಗೆ ಸೀಟು ಸಿಗಲಿಲ್ಲ. ಇಲ್ಲೇ ಆರನೇ ತರಗತಿಯಲ್ಲಿದ್ದಾನೆ. ಈಗ ಸುಳಿವು ಒತ್ತುವುದಿಲ್ಲ, ಲೆಕ್ಕ ಮಾಡಿಯೇ ಉತ್ತರ ಹಾಕುತ್ತಾನೆ. ಆದರೆ ಹೋದ ವಾರದಿಂದ ಮತ್ತೆ ಎಲ್ಲವೂ ಹಸಿರು, ಅದೂ ಎಲ್ಲರಿಗಿಂತ ಮೊದಲು. ಏನೋ ಹೊಸದು ಕಂಡುಹಿಡಿದಿರಬೇಕೆಂದು ಸೊಸೆಯ ಗುಮಾನಿ. ಪುಸ್ತಕ ತರಿಸಿಕೊಂಡಿದ್ದೇನೆ. ಮೊದಲ ನಾಲ್ಕು ಪುಟ ನೋಡಿದೆ, ಕಾಟುಗಳು ಬೇಕಾದಷ್ಟಿವೆ.